ನಡವಳಿಯಲ್ಲಿ ಹೆಸರಿಲ್ಲದವರು

ಎಸ್/ಪಿವಿ.473. ಭದ್ರತಾ ಮಂಡಳಿಯ 473ನೇ ಸಭೆಯ ನಡವಳಿಗೆ ವಿಶ್ವಸಂಸ್ಥೆ ಕೊಟ್ಟ ಗುರುತು ಇದು. ಎಸ್ ಎಂದರೆ ಸೆಕ್ಯೂರಿಟಿ ಕೌನ್ಸಿಲ್. ಪಿವಿ ಫ್ರೆಂಚರ ಕಡೆಯಿಂದ ಬಂದದ್ದು, ಪ್ರೊಸೆ ವರ್ಬಾಲ್. ಸಭೆಯಲ್ಲಿ ಆಡಿದ್ದನ್ನೆಲ್ಲ ಬಿಡದೆ ಬರೆದ ವರದಿ. ಸಭೆ ನಡೆದದ್ದು 1950ರ ಜೂನ್ 25ರ ಭಾನುವಾರ ಮಧ್ಯಾಹ್ನ. ಉತ್ತರ ಕೊರಿಯದ ಸೈನ್ಯ ದಕ್ಷಿಣಕ್ಕೆ ನುಗ್ಗಿದ ಸುದ್ದಿ ತಲುಪಿ ಒಂದು ದಿನವೂ ಕಳೆದಿರಲಿಲ್ಲ. ವಿಶ್ವಸಂಸ್ಥೆಗೆ ಆಗಿನ್ನೂ ಸ್ವಂತ ಕಟ್ಟಡವಿಲ್ಲ. ನ್ಯೂಯಾರ್ಕಿನ ಹೊರಗೆ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧಕಾಲದಲ್ಲಿ ಗೈರೋಸ್ಕೋಪ್ ತಯಾರಿಸುತ್ತಿದ್ದ ಸ್ಪೆರಿ ಕಂಪನಿಯ ಕಾರ್ಖಾನೆಯಲ್ಲಿ ಅದರ ಬಿಡಾರ. ಅಧ್ಯಕ್ಷತೆ ತಿಂಗಳಿಗೊಂದು ದೇಶಕ್ಕೆ ಬರುತ್ತದೆ. ಆ ಜೂನ್ ಭಾರತದ ಪಾಳಿ. ಕುರ್ಚಿಯಲ್ಲಿದ್ದವರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾಯರು, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು.

ನಡವಳಿಯಲ್ಲಿ ರಾಯರ ಹೆಸರು ಮೊದಲ ಪುಟದಲ್ಲಿ ಸಿಗುತ್ತದೆ. ಆಮೇಲೆ ಅವರು ಬರೀ ‘ಅಧ್ಯಕ್ಷರು’. ಪುಟಕ್ಕೆ ಎರಡು ಕಾಲಂ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಫ್ರೆಂಚ್. ಎಡಗಡೆ ಅವರ ಮಾತು ನೇರವಾಗಿ ಶುರುವಾಗುತ್ತದೆ. ಬಲಗಡೆ ಅದೇ ಮಾತಿನ ಮುಂದೆ ಸಣ್ಣದೊಂದು ಆವರಣ ಕೂತು, ಇದು ಇಂಗ್ಲಿಷಿನಿಂದ ಬಂದದ್ದು ಎನ್ನುತ್ತದೆ. ಫ್ರೆಂಚ್ ಪ್ರತಿನಿಧಿ ಬಾಯಿ ತೆರೆದರೆ ಆವರಣ ಎಡಕ್ಕೆ ಜಿಗಿಯುತ್ತದೆ. ಆ ಕಾಲದ ಸಂಪುಟಗಳಲ್ಲಿ ಸೋವಿಯತ್ ಪ್ರತಿನಿಧಿಯ ಮಾತಿಗೆ ಎರಡೂ ಕಡೆ ಆವರಣ ಇರುತ್ತದೆ, ರಷ್ಯನ್ ಅಚ್ಚಾಗುವ ಕಾಲಂ ಅಲ್ಲಿ ಇಲ್ಲವಲ್ಲ. ಈ ಸಭೆಯಲ್ಲಿ ಅದಿಲ್ಲ. ಚೀನಾದ ಸ್ಥಾನ ಯಾರದು ಎಂಬ ಜಗಳದಲ್ಲಿ ಸೋವಿಯತ್ ಪ್ರತಿನಿಧಿ ಮಾಲಿಕ್ ಜನವರಿಯಿಂದಲೇ ಸಭೆಗೆ ಬರುವುದನ್ನು ಬಿಟ್ಟಿದ್ದರು.

ನಾನು ಶಾಸನಸಭೆಯಲ್ಲಿ ವರದಿಗಾರ್ತಿಯಾಗಿದ್ದವಳು. ಪತ್ರಿಕೆಯ ವರದಿಯಲ್ಲ, ಸದನದ ವರದಿ. ಪೆನ್ಸಿಲ್ ಚೂಪು ಮಾಡಿಕೊಂಡು ಹೋಗಿ ಮೇಜಿನೆದುರು ಕೂರಬೇಕು, ಪಾಳಿ ಮುಗಿದೊಡನೆ ಸದ್ದಿಲ್ಲದೆ ಎದ್ದು ಬರಬೇಕು, ಶೀಘ್ರಲಿಪಿಯ ಗೆರೆಗಳನ್ನು ಕನ್ನಡ ಮಾಡಿ ಬೆರಳಚ್ಚಿಗೆ ಕೊಡಬೇಕು. ಎಷ್ಟೋ ಪುಟಗಳು ಕೈದಾಟಿ ಹೋದವು, ಒಂದರಲ್ಲೂ ನನ್ನ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಹೀಗೆ ಬದುಕಿದವರಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಬೇರೆಯವರ ನಡವಳಿ ಓದುವಾಗ ಕಣ್ಣು ಭಾಷಣದ ಮೇಲೆ ನಿಲ್ಲುವುದಿಲ್ಲ, ಆವರಣದ ಕಡೆ, ಅಡಿಟಿಪ್ಪಣಿಯ ಕಡೆ, ‘ಸಭೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು’ ಎಂಬ ಸಾಲಿನ ಕಡೆ ಹೋಗುತ್ತದೆ. ಅಲ್ಲಿ ನಮ್ಮ ಕಸುಬಿನವರು ಇರುತ್ತಾರೆ. ನಿವೃತ್ತಿಯ ನಂತರ ಜಿನೀವಾ, ನ್ಯೂಯಾರ್ಕಿನ ಹಳೆಯ ಕಡತಗಳು ಕಂಪ್ಯೂಟರಿನಲ್ಲಿ ಸಿಗತೊಡಗಿದ ಮೇಲೆ ನನಗೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಎರಡು ದಿನ ಬಿಟ್ಟು, ಜೂನ್ 27ರಂದು, ಇನ್ನೊಂದು ಸಭೆ. ದಕ್ಷಿಣ ಕೊರಿಯಕ್ಕೆ ನೆರವು ಕೊಡಿ ಎಂಬ ಗೊತ್ತುವಳಿ. ರಾಯರಿಗೆ ದಿಲ್ಲಿಯಿಂದ ಸೂಚನೆ ಬಂದಿಲ್ಲ, ಈಜಿಪ್ಟಿನವರಿಗೆ ಕೈರೋದಿಂದ ಬಂದಿಲ್ಲ. ಸಭೆ ನಿಂತು ಕಾದು ಮತ್ತೆ ಕೂಡಿ, ಮತಕ್ಕೆ ಹಾಕಿದಾಗ ರಾತ್ರಿಯಾಗಿತ್ತು. ಪರ ಏಳು, ವಿರುದ್ಧ ಒಂದು, ಅದು ಯುಗೊಸ್ಲಾವಿಯದ್ದು. ಭಾರತ ಮತ್ತು ಈಜಿಪ್ಟ್ ಮತದಾನದಲ್ಲಿ ಭಾಗವಹಿಸಲಿಲ್ಲ. ಜೂನ್ 29ಕ್ಕೆ ಭಾರತ ಗೊತ್ತುವಳಿಯನ್ನು ಒಪ್ಪಿತು. ಒಂದು ದೇಶದ ಸರ್ಕಾರ ಇನ್ನೂ ಮನಸ್ಸು ಮಾಡದೆ ಇರುವ ಆ ಕೆಲವು ಗಂಟೆಗಳು ನಡವಳಿಯಲ್ಲಿ ಎರಡು ಹೊತ್ತಿನ ನಡುವಿನ ಖಾಲಿ ಜಾಗ, ಅಷ್ಟೇ. ಅದನ್ನು ಬರೆದವರು ಆ ಹೊತ್ತೆಲ್ಲ ಪುಸ್ತಕ ಮುಚ್ಚಿಕೊಂಡು ಎಲ್ಲೋ ಕಾಫಿ ಕುಡಿಯುತ್ತ ಕಾದಿರಬೇಕು. ನಾವೂ ಹಾಗೇ ಕಾಯುತ್ತಿದ್ದೆವು.

ಈ ಕಸುಬು ಅಂತರರಾಷ್ಟ್ರೀಯವಾದದ್ದು ಒಂದು ಆಕಸ್ಮಿಕದಿಂದ. ಅಲ್ಲಿಯವರೆಗೆ ಯುರೋಪಿನ ರಾಜತಂತ್ರವೆಲ್ಲ ಫ್ರೆಂಚಿನಲ್ಲಿ ಸಾಗುತ್ತಿತ್ತು, ದುಭಾಷಿಯ ಅಗತ್ಯ ಹೆಚ್ಚಾಗಿ ಬೀಳುತ್ತಿರಲಿಲ್ಲ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಅಮೆರಿಕದ ವಿಲ್ಸನ್, ಬ್ರಿಟನ್ನಿನ ಲಾಯ್ಡ್ ಜಾರ್ಜ್, ಫ್ರಾನ್ಸಿನ ಕ್ಲೆಮೆನ್ಸೊ, ಇಟಲಿಯ ಒರ್ಲಾಂಡೊ ಬಾಗಿಲು ಹಾಕಿಕೊಂಡು ಕೂತರು. ಮೊದಮೊದಲು ಒಳಗೆ ಕಾರ್ಯದರ್ಶಿಯೂ ಬೇಡವೆಂದಿದ್ದರು. ಆದರೆ ದುಭಾಷಿಯನ್ನು ಹೊರಗಿಡಲು ಆಗುತ್ತದೆಯೇ? ಪಾಲ್ ಮಾಂಟೂ ಒಳಗಿದ್ದ. ಈತ ಇತಿಹಾಸಕಾರ, ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಮೇಲೆ 1906ರಲ್ಲೇ ದೊಡ್ಡ ಪುಸ್ತಕ ಬರೆದವನು. ಮಾತು ನೆನಪಿಟ್ಟುಕೊಳ್ಳಲು ಬರೆದುಕೊಂಡ ಟಿಪ್ಪಣಿಗಳನ್ನು ಮರುದಿನ ಬೆಳಿಗ್ಗೆ ಬಿಡಿಸಿ ಬರೆಸುತ್ತಿದ್ದ. ಏಪ್ರಿಲಿನಲ್ಲಿ ಮಾರಿಸ್ ಹ್ಯಾಂಕಿ ಕಾರ್ಯದರ್ಶಿಯಾಗಿ ಬರುವವರೆಗೆ ಆ ಕೋಣೆಯೊಳಗಿನ ಮಾತಿಗೆ ದಿನದಿನದ ದಾಖಲೆ ಎಂದರೆ ಇವನ ಟಿಪ್ಪಣಿ. 1955ರಲ್ಲಿ ಎರಡು ಸಂಪುಟವಾಗಿ ಅದು ಅಚ್ಚಾಯಿತು. ಜಗತ್ತಿನ ಗಡಿಗಳನ್ನು ಗೀಚಿದ ಮಾತುಕತೆಯನ್ನು ಉಳಿಸಿದವನು ಮಾತು ದಾಟಿಸಲು ಕರೆಸಿಕೊಂಡ ಆಸಾಮಿ!

ಆ ಸಮ್ಮೇಳನದಿಂದ ಹುಟ್ಟಿದ ರಾಷ್ಟ್ರಸಂಘ ಜಿನೀವಾದ ಸರೋವರದ ದಡದ ಒಂದು ಹೋಟೆಲನ್ನು ಕೊಂಡು ಅದರಲ್ಲಿ ಕಚೇರಿ ಮಾಡಿತು. ವಿಲ್ಸನ್ ಸತ್ತ 1924ರಲ್ಲಿ ಅದಕ್ಕೆ ಪಾಲೆ ವಿಲ್ಸನ್ ಎಂದು ಹೆಸರಾಯಿತು, 1936ರಲ್ಲಿ ಕಚೇರಿ ಹೊಸ ಪಾಲೆ ದೆ ನಾಸಿಯೊಂಗೆ ಹೋಯಿತು. ಅಲ್ಲಿನ ಗ್ರಂಥಾಲಯಕ್ಕೆ ಜಾನ್ ರಾಕ್‌ಫೆಲರ್ 1927ರಲ್ಲಿ ಇಪ್ಪತ್ತು ಲಕ್ಷ ಡಾಲರ್ ಕೊಟ್ಟಿದ್ದ. ಕಡತಗಳು ಇಂದಿಗೂ ಅದೇ ಕಟ್ಟಡದಲ್ಲಿವೆ. ಸಾಲಾಗಿ ಜೋಡಿಸಿದರೆ ಸುಮಾರು ಮೂರು ಕಿಲೋಮೀಟರ್, ಪುಟ ಲೆಕ್ಕದಲ್ಲಿ ಒಂದೂವರೆ ಕೋಟಿಯಷ್ಟು. 2009ರಲ್ಲಿ ಯುನೆಸ್ಕೊ ಅವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. 2017ರಿಂದ 2022ರವರೆಗೆ ಪೂರಾ ಸ್ಕ್ಯಾನ್ ಮಾಡಿದರು.

ನಮ್ಮ ಸಚಿವಾಲಯಗಳಲ್ಲಿ ಕೆಲಸ ಮಾಡಿದ ಯಾರಿಗೂ ಆ ಕಡತಗಳನ್ನು ಓದಲು ಕಲಿಸಿಕೊಡಬೇಕಾಗಿಲ್ಲ. ಸಂಘದ ಮೊದಲ ಮಹಾಕಾರ್ಯದರ್ಶಿ ಎರಿಕ್ ಡ್ರಮಂಡ್ ಬ್ರಿಟಿಷ್ ವಿದೇಶಾಂಗ ಕಚೇರಿಯಿಂದ ಹೋದವನು, ಜೊತೆಗೆ ಅಲ್ಲಿಯ ರಿಜಿಸ್ಟ್ರಿ ಪದ್ಧತಿಯನ್ನೂ ಕೊಂಡುಹೋದ. ಬಂದ ಪತ್ರ ಮೊದಲು ರಿಜಿಸ್ಟ್ರಿಗೆ. ಅಲ್ಲಿ ಅದಕ್ಕೊಂದು ಹೊದಿಕೆ, ಹೊದಿಕೆಯ ಮೇಲೆ ಓರೆಗೆರೆ ಹಾಕಿ ಬೇರ್ಪಡಿಸಿದ ಮೂರು ಅಂಕಿ: ಯಾವ ವಿಭಾಗ, ಎಷ್ಟನೇ ಪತ್ರ, ಯಾವ ಕಡತ. ಒಳಗೆ ಪತ್ರ; ಪತ್ರದ ಜೊತೆಗೆ ನೋಟ್ ಶೀಟು. ಕೆಳಗಿನವರು ಬರೆದು ಮೇಲಕ್ಕೆ ಕಳಿಸುತ್ತಾರೆ, ಮೇಲಿನವರು ಒಂದು ಸಾಲು ಬರೆದು ಚಿಕ್ಕ ಸಹಿ ಹಾಕಿ ಕೆಳಕ್ಕೆ ತಳ್ಳುತ್ತಾರೆ. ಬೆಂಗಳೂರಿನ ಕಡತಕ್ಕೂ ಜಿನೀವಾದ ಕಡತಕ್ಕೂ ತಾಯಿ ಒಬ್ಬಳೇ.

ರಾಷ್ಟ್ರಸಂಘದ ಅಧಿಕೃತ ಭಾಷೆಗಳು ಎರಡು, ಇಂಗ್ಲಿಷ್ ಮತ್ತು ಫ್ರೆಂಚ್. ಒಬ್ಬರು ಮಾತಾಡಿ ಕೂತ ಮೇಲೆ ದುಭಾಷಿ ವೇದಿಕೆಗೆ ಬಂದು, ಟಿಪ್ಪಣಿ ನೋಡಿಕೊಂಡು, ಇಡೀ ಭಾಷಣವನ್ನು ಇನ್ನೊಂದು ಭಾಷೆಯಲ್ಲಿ ಮಾಡಬೇಕು. ಈ ಕೆಲಸದಲ್ಲಿ ಹೆಸರು ಮಾಡಿದ ದಿಗ್ಗಜರಿದ್ದರು. ಆಂದ್ರೆ ಕಮಿಂಕರ್ ಒಂದು ಗಂಟೆಯ ಭಾಷಣವನ್ನು ಟಿಪ್ಪಣಿಯಿಲ್ಲದೆ ಒಪ್ಪಿಸುತ್ತಿದ್ದ ಎಂದು ಕಸುಬಿನವರು ಹೇಳುತ್ತಾರೆ. ಸಿನಿಮಾ ನಟಿ ಸಿಮೋನ್ ಸಿನ್ಯೊರೆ ಅವನ ಮಗಳು. ಜಾನ್ ಎರ್ಬೆರ್ ಎಂಬ ಇನ್ನೊಬ್ಬ ಫ್ರೆಂಚ್ ದುಭಾಷಿಯ ಪರಿಚಯ ನಮ್ಮಲ್ಲಿ ಇನ್ನಷ್ಟು ಜನಕ್ಕೆ ಇರಬೇಕಿತ್ತು. ದಿನವಿಡೀ ರಾಜಕಾರಣಿಗಳ ಮಾತು ದಾಟಿಸುತ್ತಿದ್ದ ಈತ ಉಳಿದ ಹೊತ್ತಿನಲ್ಲಿ ವಿವೇಕಾನಂದರನ್ನೂ ಅರವಿಂದರನ್ನೂ ಫ್ರೆಂಚಿಗೆ ತಂದ. 1952ರಲ್ಲಿ ದುಭಾಷಿಗಳಿಗೆ ಒಂದು ಕೈಪಿಡಿ ಬರೆದ, ಅದು ಈ ಕಸುಬಿನ ಮೊದಲ ಪಾಠಪುಸ್ತಕಗಳಲ್ಲಿ ಒಂದು.

ಕಷ್ಟ ಏನೆಂದರೆ ಹೊತ್ತು. ಒಂದು ಗಂಟೆಯ ಭಾಷಣಕ್ಕೆ ಎರಡು ಗಂಟೆ. ರಾಜತಂತ್ರಜ್ಞರಿಗೆ ಇದೇನೂ ತೊಂದರೆಯಲ್ಲ, ಎರಡನೇ ಗಂಟೆಯಲ್ಲಿ ಉತ್ತರ ಹೊಂದಿಸಿಕೊಳ್ಳುತ್ತಿದ್ದರು. ನಿಜವಾದ ಕಷ್ಟ ಬಂದದ್ದು ಪಕ್ಕದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ. ಅದರ ಸಮ್ಮೇಳನಕ್ಕೆ ಪ್ರತಿ ದೇಶದಿಂದ ಸರ್ಕಾರದ ಕಡೆಯ ಇಬ್ಬರ ಜೊತೆ ಮಾಲೀಕರ ಪರ ಒಬ್ಬ, ಕಾರ್ಮಿಕರ ಪರ ಒಬ್ಬ ಬರುತ್ತಾರೆ. ಗಣಿಯಿಂದ, ರೈಲ್ವೆಯಿಂದ, ಗಿರಣಿಯಿಂದ ಮೇಲೆ ಬಂದ ಮುಖಂಡನಿಗೆ ಫ್ರೆಂಚ್ ಎಲ್ಲಿ ಬರಬೇಕು? ಜರ್ಮನ್ನರು, ಸ್ಕ್ಯಾಂಡಿನೇವಿಯದವರು, ಸ್ಪೇನಿನವರು ಗೊಣಗತೊಡಗಿದರು. ಏಕಕಾಲದಲ್ಲಿ ಮಾತು ದಾಟಿಸುವ ಏರ್ಪಾಟು ದೊಡ್ಡ ರಾಜಕೀಯ ಸಭೆಗಿಂತ ಮೊದಲು ಈ ದುಡಿಯುವವರ ಸಭೆಗೆ ಬಂದದ್ದು ಈ ಕಾರಣಕ್ಕೆ.

ತಂದವನು ಎಡ್ವರ್ಡ್ ಫೈಲೀನ್, ಬಾಸ್ಟನ್ನಿನಲ್ಲಿ ದೊಡ್ಡ ಅಂಗಡಿ ಇಟ್ಟಿದ್ದ ವ್ಯಾಪಾರಿ. 1925ರಲ್ಲಿ ಡ್ರಮಂಡನಿಗೆ ಪತ್ರ ಬರೆದ: ಭಾಷಣ ನಡೆಯುತ್ತಿರುವಾಗಲೇ ದುಭಾಷಿ ಮೈಕಿಗೆ ಮೆಲ್ಲಗೆ ಹೇಳಲಿ, ಬೇಕಾದವರು ಟೆಲಿಫೋನಿನ ಹಾಗೆ ಕಿವಿಗೆ ಹಚ್ಚಿಕೊಂಡು ಕೇಳಲಿ. ಸಂಘದಲ್ಲಿ ಉತ್ಸಾಹ ಕಾಣಲಿಲ್ಲ, ಕಾರ್ಮಿಕ ಸಂಸ್ಥೆಯ ನಿರ್ದೇಶಕ ಆಲ್ಬರ್ಟ್ ತೊಮಾ ಆಸಕ್ತಿ ತೋರಿಸಿದ. ಗಾರ್ಡನ್ ಫಿನ್ಲೆ ಎಂಬ ಬ್ರಿಟಿಷ್ ಇಂಜಿನಿಯರ್ ಟೆಲಿಫೋನ್ ಸಾಮಾನುಗಳನ್ನೇ ಜೋಡಿಸಿ ಉಪಕರಣ ಮಾಡಿಕೊಟ್ಟ. 1927ರ ಜೂನಿನಲ್ಲಿ ಜಿನೀವಾದ ಕಾರ್ಮಿಕ ಸಮ್ಮೇಳನದಲ್ಲಿ ಅದರ ಪ್ರಯೋಗವಾಯಿತು. ಗಾಜಿನ ಬೂತ್ ಆಗಿನ್ನೂ ಇಲ್ಲ. ಮುಂದೆ ಐಬಿಎಂ ಇದನ್ನು ತನ್ನದಾಗಿ ಮಾಡಿಕೊಂಡಿತು.

ಈ ಫೈಲೀನ್ ಬಗ್ಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ವಿಷಯಕ್ಕೆ ಹೊರಗಾದರೂ ಸರಿ. 1907ರಲ್ಲಿ ಈತ ಭಾರತಕ್ಕೆ ಬಂದಿದ್ದ. 1904ರ ಕಾಯ್ದೆಯಡಿ ಆಗತಾನೆ ಶುರುವಾಗಿದ್ದ ಹಳ್ಳಿಯ ಸಹಕಾರ ಪತ್ತಿನ ಸಂಘಗಳನ್ನು ಬಂಗಾಳದ ಕಡೆ ನೋಡಿದ, ಮನಸ್ಸಿಗೆ ಹಿಡಿಯಿತು, ಹಿಂದಿರುಗಿ ಅಮೆರಿಕದಲ್ಲಿ ಕ್ರೆಡಿಟ್ ಯೂನಿಯನ್ ಚಳವಳಿಗೆ ದುಡ್ಡು ಸುರಿದ. ನಮ್ಮ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ, ಅದೇ ಕಾಯ್ದೆಯ ಬಲದಿಂದ. ಸಾಲಕ್ಕೂ ಹೆಡ್‌ಫೋನಿಗೂ ಒಬ್ಬನೇ ಆಸಾಮಿ ತಲೆ ಕೆಡಿಸಿಕೊಂಡಿದ್ದ ಎನ್ನುವುದು ನನಗೆ ಖುಷಿ ಕೊಟ್ಟ ಸಂಗತಿ. ಎರಡರಲ್ಲೂ ಅವನಿಗೆ ಕಂಡದ್ದು ಒಂದೇ ಎನಿಸುತ್ತದೆ, ಬಡವನಿಗೆ ಒಳಗೆ ಬರಲು ದಾರಿ.

ಹಳೆಯ ದುಭಾಷಿಗಳಿಗೆ ಮಾತ್ರ ಇದು ಹಿಡಿಸಲಿಲ್ಲ. ವೇದಿಕೆಯ ಮೇಲೆ ನಿಂತು ಮಂತ್ರಿಗಳಿಗಿಂತ ಚೆಂದ ಮಾತಾಡುತ್ತಿದ್ದವರನ್ನು ಮೂಲೆಯ ಯಂತ್ರದೆದುರು ಕೂರಿಸಿದರೆ ಹೇಗೆ? ತಂತಿಗೆ ಕಟ್ಟಿದ ಕೆಲಸ ಎಂದು ಮೂಗು ಮುರಿದರು. ಅವರ ಮಾತಿನಲ್ಲೂ ಅರ್ಥವಿತ್ತು. ವಾಕ್ಯ ಮುಗಿಯುವ ಮುಂಚೆ ಅರ್ಥ ಊಹಿಸಿ ಮಾತಾಡುವುದೆಂದರೆ ತಪ್ಪಿಗೆ ಕೈಮುಗಿದು ಕರೆದ ಹಾಗೆ. ಜರ್ಮನ್ ಭಾಷೆಯಲ್ಲಿ ಕ್ರಿಯಾಪದ ಎಷ್ಟೋ ಸಲ ಕೊನೆಗೆ ಬರುತ್ತದೆ; ಕನ್ನಡದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅನುಮಾನ ಮುರಿದದ್ದು ನ್ಯೂರೆಂಬರ್ಗಿನ ಕೋರ್ಟಿನಲ್ಲಿ. 1945ರ ನವೆಂಬರ್ 20ರಿಂದ 1946ರ ಅಕ್ಟೋಬರ್ 1ರವರೆಗೆ ನಾಲ್ಕು ಭಾಷೆಯಲ್ಲಿ ನಾಜಿ ನಾಯಕರ ವಿಚಾರಣೆ. ಒಬ್ಬರಾದ ಮೇಲೊಬ್ಬರು ಹೇಳುತ್ತ ಹೋಗಿದ್ದರೆ ವರ್ಷಗಟ್ಟಲೆ ಎಳೆಯುತ್ತಿತ್ತು. ಅಮೆರಿಕದ ಸೈನ್ಯದಲ್ಲಿದ್ದ ಲಿಯಾನ್ ಡೊಸ್ಟರ್ಟ್ ಏರ್ಪಾಟು ನೋಡಿಕೊಂಡ, ಐಬಿಎಂ ಉಪಕರಣವನ್ನು ಬಾಡಿಗೆಯಿಲ್ಲದೆ ಕೊಟ್ಟಿತು. ಮೊದಲ ಚಾನೆಲಿನಲ್ಲಿ ಆಡಿದ ಮಾತು ಹಾಗೇ, ಉಳಿದ ನಾಲ್ಕರಲ್ಲಿ ಒಂದೊಂದು ಭಾಷೆ. ಹನ್ನೆರಡು ಜನರ ಮೂರು ತಂಡ. ಮಾತು ವೇಗವಾದರೆ ಹಳದಿ ದೀಪ, ದುಭಾಷಿಗೆ ಕೈಲಾಗದಿದ್ದರೆ ಕೆಂಪು. ಕೆಂಪು ಹತ್ತಿದರೆ ಕೋರ್ಟೇ ನಿಲ್ಲಬೇಕು. ಸದನದಲ್ಲಿ ನಮ್ಮ ಮೇಜಿನ ಮೇಲೂ ಅಂಥದ್ದೊಂದು ಸ್ವಿಚ್ಚು ಇದ್ದಿದ್ದರೆ ಎಂದು ಎಷ್ಟು ಸಲ ಅನಿಸಿದೆಯೋ! ನ್ಯೂರೆಂಬರ್ಗಿನಲ್ಲಿ ಇನ್ನೊಂದು ಶಾಖೆಯೂ ಇತ್ತು, ಅದನ್ನು ಯಾರೂ ನೆನೆಯುವುದಿಲ್ಲ. ಕೋರ್ಟಿನ ಶೀಘ್ರಲಿಪಿಗಾರರು ಬರೆದದ್ದನ್ನು ಧ್ವನಿಮುದ್ರಣದೊಂದಿಗೆ ಹೋಲಿಸಿ, ದುಭಾಷಿ ಅವಸರದಲ್ಲಿ ಬಿಟ್ಟದ್ದನ್ನು, ಮುಗ್ಗರಿಸಿದ್ದನ್ನು ಸರಿಪಡಿಸುವ ಶಾಖೆ. ಅಚ್ಚಾದ 42 ಸಂಪುಟಗಳು ಹಾಗೆ ತಿದ್ದಿದ ಪ್ರತಿ. ಕೋರ್ಟಿನಲ್ಲಿ ಆರೋಪಿ ಗೋರಿಂಗ್ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡದ್ದಕ್ಕೂ ನಾವು ಇಂದು ಓದುವುದಕ್ಕೂ ನಡುವೆ ಆ ಶಾಖೆಯ ಕೈ ಇದೆ. ಧ್ವನಿಮುದ್ರಣದ ಡಿಸ್ಕುಗಳು ಕಾಗದಪತ್ರಗಳ ಜೊತೆ 1950ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ವಶಕ್ಕೆ ಬಂದವು. ಎರಡು ವರ್ಷದ ನಂತರ ನ್ಯಾಯಾಧೀಶರಾಗಿ ನರಸಿಂಗ ರಾಯರೂ ಅದೇ ಕಟ್ಟಡಕ್ಕೆ ಬಂದರು, 1953ರ ನವೆಂಬರಿನಲ್ಲಿ ತೀರಿಕೊಂಡರು.

ಡೊಸ್ಟರ್ಟ್ ನ್ಯೂರೆಂಬರ್ಗಿನಿಂದ ಲೇಕ್ ಸಕ್ಸೆಸ್‌ಗೆ ಹೋದ. ವಿಶ್ವಸಂಸ್ಥೆಗೆ ಆಗ ಅಧಿಕೃತ ಭಾಷೆ ಐದು, ಕೆಲಸದ ಭಾಷೆ ಎರಡು. ರಷ್ಯನ್ನಿನ ಒಂದು ಗಂಟೆ ಹಳೆಯ ಪದ್ಧತಿಯಲ್ಲಿ ಮೂರು ಗಂಟೆಯಾಗುತ್ತಿತ್ತು. 1947ರ ನವೆಂಬರ್ 15ರಂದು ಮಹಾಸಭೆ ಏಕಕಾಲದ ಪದ್ಧತಿಯನ್ನು ಕಾಯಂ ಮಾಡಿತು, ಹಳೆಯದನ್ನು ಬಿಟ್ಟುಕೊಡಲಿಲ್ಲ, ಚರ್ಚೆಯ ಸ್ವರೂಪ ನೋಡಿ ಯಾವುದಾದರೂ ಸರಿ ಎಂದಿತು. ಭದ್ರತಾ ಮಂಡಳಿ ಹಳೆಯದನ್ನು ಬಹಳ ಕಾಲ ಬಿಡಲಿಲ್ಲ. 1948ರ ಅದರ ನಡವಳಿಗಳಲ್ಲಿ ಅಲ್ಲಲ್ಲಿ ಒಂದು ಸಾಲು ಬರುತ್ತದೆ, ಇಲ್ಲಿಂದ ಮುಂದೆ ಏಕಕಾಲದ ಪದ್ಧತಿ ಬಳಸಲಾಯಿತು ಅಂತ. ವಾದ ಬಿಸಿಯಾಯಿತು, ಯಾರಿಗೂ ಕಾಯುವ ವ್ಯವಧಾನ ಇರಲಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಈ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಸಮ್ಮೇಳನ ಮತ್ತು ಸಾಮಾನ್ಯ ಸೇವೆಗಳ ಇಲಾಖೆ, ಸಚಿವಾಲಯದ ಮೊದಲ ಎಂಟು ಇಲಾಖೆಗಳಲ್ಲಿ ಒಂದು. ದುಭಾಷಿ, ಅನುವಾದಕ, ವರದಿಗಾರ, ಮುದ್ರಣ ಎಲ್ಲ ಅದರ ಕೆಳಗೆ. ವರದಿಯಲ್ಲಿ ಎರಡು ಜಾತಿ. ಪಿವಿ ಎಂದರೆ ಪೂರ್ತಿ. ಎಸ್‌ಆರ್ ಎಂದರೆ ಸಾರಾಂಶ. ಪೂರ್ತಿ ವರದಿಯ ಭಾಗ್ಯ ಮಹಾಸಭೆಗೆ, ಅದರ ಒಂದನೇ ಸಮಿತಿಗೆ, ಭದ್ರತಾ ಮಂಡಳಿಗೆ, ಹೀಗೆ ಕೆಲವಕ್ಕೆ. ಉಳಿದ ಮುಖ್ಯ ಸಮಿತಿಗಳಿಗೆ ಸಾರಾಂಶ. ಖರ್ಚು ಉಳಿಸಲು ಎಷ್ಟೋ ಮಂಡಳಿಗಳಿಗೆ ಅದೂ ಇಲ್ಲ. ಸಾರಾಂಶ ಬರೆಯುವುದು ನನ್ನ ಪ್ರಕಾರ ಹೆಚ್ಚು ಕಷ್ಟದ ಕೆಲಸ. ಪೂರ್ತಿ ಬರೆಯುವವನು ಕಿವಿಗೆ ನಿಷ್ಠನಾಗಿದ್ದರೆ ಸಾಕು. ಸಾರಾಂಶದವನು ಯಾವ ರಾಯಭಾರಿಯ ಯಾವ ಮಾತು ತೂಕದ್ದು ಎಂದು ನಿರ್ಧರಿಸಿ, ಎಲ್ಲವನ್ನೂ ‘ಅವರು ಹೀಗೆ ಹೇಳಿದರು’ ಎಂಬ ಪರೋಕ್ಷಕ್ಕೆ ತಿರುಗಿಸಿ, ಯಾರಿಗೂ ಕೋಪ ಬರದಂತೆ ಒಂದೆರಡು ಪ್ಯಾರಾಕ್ಕೆ ಇಳಿಸಬೇಕು. ಭಾಷಣದ ಆವೇಶವೆಲ್ಲ ಅಲ್ಲಿ ಆವಿಯಾಗುತ್ತದೆ.

ಪೂರ್ತಿ ವರದಿಯ ಭಾರ ಏನೆಂದು ತಿಳಿಯಬೇಕಾದರೆ ಭದ್ರತಾ ಮಂಡಳಿಯ 762ರಿಂದ 764ರವರೆಗಿನ ಸಭೆಗಳನ್ನು ತೆಗೆಯಿರಿ. 1957ರ ಜನವರಿ 23 ಮತ್ತು 24, ಕಾಶ್ಮೀರದ ವಿಷಯ, ಕೃಷ್ಣ ಮೆನನ್ ಸುಮಾರು ಎಂಟು ಗಂಟೆ ಮಾತಾಡಿದರು. ನಮ್ಮವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ನೆನಪಾಗುವವರು ಎಂಟು ಗಂಟೆ ಕೇಳಿ ಬರೆದವರು, ಬರೆದದ್ದನ್ನು ಇನ್ನೊಂದು ಭಾಷೆಗೆ ತಿರುಗಿಸಿದವರು. ಭಾಷಣಕಾರರು ಸುಸ್ತಾಗಿ ಕುಸಿದರೆ ಪತ್ರಿಕೆಯಲ್ಲಿ ಸುದ್ದಿ. ವರದಿಗಾರ ಸುಸ್ತಾದರೆ ಪಾಳಿ ಬದಲಾಗುತ್ತದೆ.

ನಡವಳಿಯ ಕೆಳಗೆ ಒಂದು ಎಚ್ಚರಿಕೆ ಇರುತ್ತದೆ, ವಿಶ್ವಸಂಸ್ಥೆಯ ಕಾಗದಗಳಲ್ಲೆಲ್ಲ ನನಗೆ ಅತಿ ಇಷ್ಟವಾದದ್ದು ಅದು. ತಿದ್ದುಪಡಿ ಮೂಲ ಭಾಷಣಕ್ಕೆ ಮಾತ್ರ. ನಡವಳಿಯ ಒಂದು ಪ್ರತಿಯಲ್ಲೇ ಗುರುತು ಮಾಡಿ, ನಿಯೋಗದ ಸದಸ್ಯರ ಸಹಿಯೊಂದಿಗೆ ವರದಿ ವಿಭಾಗದ ಮುಖ್ಯಸ್ಥರಿಗೆ ಕಳಿಸಬೇಕು. ಹಿಂದೆ ಅದಕ್ಕೆ ಒಂದು ವಾರದ ಗಡುವೂ ಇರುತ್ತಿತ್ತು. ನಮ್ಮಲ್ಲೂ ಸದಸ್ಯರು ಪ್ರತಿ ತರಿಸಿಕೊಂಡು ತಿದ್ದುತ್ತಿದ್ದರು. ವ್ಯಾಕರಣ ತಿದ್ದಿದರೆ ಸರಿ. ಸದನದಲ್ಲಿ ಹೊಳೆಯದ ಉತ್ತರವನ್ನು ಮನೆಯಲ್ಲಿ ಹೊಳೆಸಿಕೊಂಡು ಅಂಚಿನಲ್ಲಿ ಬರೆದು ಕಳಿಸಿದರೆ ಅದನ್ನು ಬಿನ್ನಹದೊಂದಿಗೆ ಹಿಂದಕ್ಕೆ ಕಳಿಸುವುದು ಒಂದು ಕಲೆ. ಜಿನೀವಾ, ನ್ಯೂಯಾರ್ಕಿನವರೂ ಆ ಕಲೆಯನ್ನು ಕಲಿತೇ ಇರಬೇಕು.

ಇನ್ನು ಯಾವ ಭಾಷೆ ಒಳಗೆ ಬಂತು ಎಂಬುದು. ಬಜೆಟ್ಟಿನ ಕಾಗದ ನೋಡದೆ ಅದು ಅರ್ಥವಾಗುವುದಿಲ್ಲ. ಸ್ಪ್ಯಾನಿಷ್ 1948ರಲ್ಲಿ ಮಹಾಸಭೆಯ ಕೆಲಸದ ಭಾಷೆಯಾಯಿತು, ರಷ್ಯನ್ 1968ರಲ್ಲಿ, ಚೀನೀ ಭಾಷೆ 1973ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಅರೇಬಿಕ್ ಸೇರಿದಾಗ ಗೊತ್ತುವಳಿಯಲ್ಲೇ ಬರೆದಿದ್ದಾರೆ, ಮೊದಲ ಮೂರು ವರ್ಷದ ಖರ್ಚನ್ನು ಅರಬ್ ದೇಶಗಳು ತಾವೇ ಒಟ್ಟಾಗಿ ಕೊಡುತ್ತವೆ ಅಂತ. ಜರ್ಮನ್ ಅಧಿಕೃತ ಭಾಷೆಯೇ ಅಲ್ಲ, ಆದರೂ 1974ರ ಗೊತ್ತುವಳಿಯಿಂದ ಅದಕ್ಕೊಂದು ಅನುವಾದ ವಿಭಾಗವಿದೆ, ಜರ್ಮನ್ ಆಡುವ ದೇಶಗಳ ದುಡ್ಡಿನಲ್ಲಿ. ಭಾಷೆಯ ಹಿರಿಮೆಯ ಮೇಲೆ ಅಲ್ಲಿ ನಡೆದ ಭಾಷಣಗಳಿಗಿಂತ ಈ ಲೆಕ್ಕದ ಸಾಲುಗಳೇ ನನಗೆ ಪ್ರಾಮಾಣಿಕವಾಗಿ ಕಂಡವು.

ಪಟ್ಟಿಯ ಹೊರಗಿನ ಭಾಷೆಗಳಿಗೆ ಮಹಾಸಭೆಯ 53ನೇ ನಿಯಮ ಇದೆ. ಯಾವ ಭಾಷೆಯಲ್ಲಾದರೂ ಮಾತಾಡಬಹುದು, ಆದರೆ ಆರರಲ್ಲಿ ಒಂದಕ್ಕೆ ದಾಟಿಸುವ ವ್ಯವಸ್ಥೆ ಮಾತಾಡುವವರೇ ಮಾಡಿಕೊಳ್ಳಬೇಕು. 1977ರ ಅಕ್ಟೋಬರ್ 4ರಂದು ವಿದೇಶಾಂಗ ಸಚಿವ ವಾಜಪೇಯಿ ಹಿಂದಿಯಲ್ಲಿ ಮಾತಾಡಿದ್ದು ಈ ನಿಯಮದಡಿಯೇ. ಬೂತುಗಳಲ್ಲಿ ಕೂರುವ ಹದಿನಾಲ್ಕು ದುಭಾಷಿಗಳಿಗೆ ಹಿಂದಿ ಬರಬೇಕಾಗಿಲ್ಲ. ನಿಯೋಗ ಕೊಟ್ಟ ಇಂಗ್ಲಿಷ್ ಪ್ರತಿ ಒಂದು ಬೂತಿನಲ್ಲಿ ಓದಿಸಿಕೊಂಡರೆ ಉಳಿದವರು ಅದನ್ನೇ ಕೇಳಿ ತಮ್ಮ ಭಾಷೆಗೆ ದಾಟಿಸುತ್ತಾರೆ. ಮಾನವ ಹಕ್ಕುಗಳ ಘೋಷಣೆಯ ಕನ್ನಡ ಪಠ್ಯ ವಿಶ್ವಸಂಸ್ಥೆಯ ಸಂಗ್ರಹದಲ್ಲಿ ಈಗಾಗಲೇ ಇದೆ. ಅಲ್ಲಿ ಕನ್ನಡದಲ್ಲಿ ಮಾತಾಡುವುದಕ್ಕೂ ನಿಯಮದ ಅಡ್ಡಿಯಿಲ್ಲ. ಇಂಗ್ಲಿಷ್ ಪ್ರತಿಯನ್ನು ಮುಂಚಿತವಾಗಿ ಬೂತಿಗೆ ತಲುಪಿಸಬೇಕು, ಜೊತೆಗೆ ಎಲ್ಲಿ ಓದುತ್ತಿದ್ದಾರೆ ಎಂದು ಬೆರಳಿಟ್ಟು ತೋರಿಸಲು ಕನ್ನಡ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಬೇಕು. ಆ ಕೆಲಸಕ್ಕೆ ನಮ್ಮ ಶಾಖೆಯಲ್ಲಿ ಜನ ಸಿಗುತ್ತಾರೆ.